ನಾಮಪತ್ರದ ದಿನ ಕಾರಿನ ಗಾಜು ಒಡೆದ ಬಗ್ಗೆ ವೇಣಿಯವರ ಹೇಳಿಕೆ

ನನ್ನ ಹೆಸರು ವೇಣಿ ಕೋಂ ಉಪೇಂದ್ರ, ವಯಸ್ಸು 43 ವರ್ಷ, ಗ್ರಾಮ ಪಂಚಾಯಿತಿ ಸದಸ್ಯೆ, ವಾಸ: ಶಾಲೆಯ ಹಿಂಭಾಗ, ಕೆಂಚಪ್ಪನಪಾಳ್ಯ, ಮಾದನಾಯಕನಹಳ್ಳಿ ಹತ್ತಿರ. ಸದಸ್ಯೆಯಾಗುವ ಮುಂಚೆ ಪೀಣ್ಯದ ಗಾರ್ಮೆಂಟ್ಸ್ ಒಂದರ ಶಿಶುಪಾಲನಾ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಕೆಲಸಗಾರರ ಮಕ್ಕಳನ್ನು ನೋಡಿಕೊಂಡಿದ್ದೆ. ನಾನು ಕಾರಿನ ಗಾಜು ಒಡೆದು ದಾಂಧಲೆ ಮಾಡಿದೆನೆಂದು ಮುನಿರಾಜು ಎಂಬುವರು ದೂರು ಕೊಟ್ಟಿರುವುದರಿಂದ ಠಾಣೆಗೆ ಹಾಜರಾಗಿ ನಡೆದದ್ದನ್ನು ಹೇಳುತ್ತಿದ್ದೇನೆ.

ದಿನಾಂಕ 17-03-2025ರಂದು ನಮ್ಮ ಪಂಚಾಯಿತಿ ಅಧ್ಯಕ್ಷರ ಚುನಾವಣೆ ಇತ್ತು. ನನ್ನ ಎದುರಾಳಿ ಮುನಿರಾಜುರವರ ಹೆಂಡತಿ ವೆಂಕಟಮ್ಮ. ನಾಮಪತ್ರ ಸಲ್ಲಿಸಲು ಅದೇ ದಿನ ಬೆಳಿಗ್ಗೆ 11 ಗಂಟೆ ಕೊನೆ. ಸುಮಾರು 10.40ಕ್ಕೆ ಮೈದುನ ನರೇಶನ ಸ್ಕೂಟರಿನಲ್ಲಿ ಹೋಗುವಾಗ ತುಮಕೂರು ರಸ್ತೆಯ ಗೋದಾಮೊಂದರ ಮುಂದೆ, ಬಿಸಿಲಲ್ಲಿ ನಿಂತಿದ್ದ ಬಿಳಿ ಕಾರಿನ ಸುತ್ತ ಜನ ಸೇರಿದ್ದರು. ಇಳಿದು ಹೋಗಿ ನೋಡಿದಾಗ ಒಳಗೆ ಎರಡು ವರ್ಷದ ಹೆಣ್ಣು ಮಗು ಅಳುತ್ತಿತ್ತು. ಕೀ ಒಳಗೇ ಉಳಿದು ಬಾಗಿಲು ಲಾಕ್ ಆಗಿತ್ತು. ತಾಯಿ ಗಾಜು ಬಡಿಯುತ್ತಿದ್ದರು. ತಂದೆ ಋಷಿಕೇಶ್ ಎಂಬುವರು, ಮೆಕ್ಯಾನಿಕ್ ಬರುತ್ತಿದ್ದಾನೆ, ಯಾರೂ ಕಾರು ಮುಟ್ಟಬೇಡಿ ಎಂದು ಹೇಳುತ್ತಿದ್ದರು.

ನರೇಶನು, ‘ಅತ್ತಿಗೆ, ಟೈಮಾಯ್ತು ಬನ್ನಿ. ಇಷ್ಟು ಜನ ಅವ್ರಲ್ಲ, ನೋಡ್ಕೋತಾರೆ’ ಎಂದನು. ನಾನೂ ಸ್ಕೂಟರ್ ಹತ್ತಿ ಕೂತೆ. ಅಷ್ಟರಲ್ಲಿ ಮಗುವಿನ ಅಳು ನಿಂತಿತು. ನನಗೆ ಕೂರಲಾಗಲಿಲ್ಲ. ಇಳಿದು ಇಣುಕಿದಾಗ ಮಗುವಿನ ಕತ್ತು ವಾಲಿತ್ತು, ಕಣ್ಣು ಅರ್ಧ ತೆರೆದಿತ್ತು.

ಪಕ್ಕದ ಲಾರಿಯಿಂದ ಜಾಕಿ ರಾಡು ತೆಗೆದುಕೊಂಡೆ. ಋಷಿಕೇಶ್ ಅಡ್ಡ ಬಂದರು. ‘ದಾರಿ ಬಿಡಿ ಸಾರ್, ಮಗು ಕೈ ಬಿಟ್ಟು ಹೋಗ್ತಾ ಇದೆ’ ಎಂದೆ. ಅವರು ಮಗುವಿನ ಕಡೆ ತಿರುಗಿ ನೋಡಿ ಸರಿದು ನಿಂತರು. ಮಗುವಿಗೆ ದೂರವಿದ್ದ ಹಿಂಬಾಗಿಲಿನ ಗಾಜಿಗೆ ಹೊಡೆದೆ. ಒಡೆಯಲಿಲ್ಲ. ಮತ್ತೆ ಮತ್ತೆ ಹೊಡೆದ ಮೇಲೆ ಪುಡಿಯಾಯಿತು. ಕೈ ಒಳಗೆ ಹಾಕಿ ಲಾಕ್ ತೆಗೆಯುವಾಗ ಮುಂಗೈ ಕೊಯ್ದದ್ದು ಗೊತ್ತಾಗಲಿಲ್ಲ. ಮಗುವನ್ನು ನೆರಳಿಗೆ ತಂದು, ಬಟ್ಟೆ ಬಿಚ್ಚಿ, ಸೆರಗು ನೆನೆಸಿ ಮೈ ಒರೆಸಿದೆ. ನರೇಶನು ರಟ್ಟಿನಿಂದ ಗಾಳಿ ಬೀಸಿದನು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಗು ಕಾಲು ಝಾಡಿಸಿ ಜೋರಾಗಿ ಅತ್ತಿತು. ನಾನು ನರೇಶನ ಕತ್ತು ತಬ್ಬಿಕೊಂಡು ಕೂಗಿಬಿಟ್ಟೆ. ಜನ ಶಿಳ್ಳೆ ಹೊಡೆದರು, ಲಾರಿಯವರು ಹಾರನ್ ಬಾರಿಸಿದರು. ನಾನು ಸದಸ್ಯೆಯಾಗಿ ಗೆದ್ದ ದಿನವೂ ಎದೆ ಹಾಗೆ ಬಡಿದುಕೊಂಡಿರಲಿಲ್ಲ.

ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗುವನ್ನು ನಾನೇ ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋದೆ. ಪಂಚಾಯಿತಿ ತಲುಪಿದಾಗ 12 ಗಂಟೆ ದಾಟಿತ್ತು. ಕಣದಲ್ಲಿ ಒಬ್ಬರೇ ಉಳಿದಿದ್ದರಿಂದ ವೆಂಕಟಮ್ಮನವರ ಆಯ್ಕೆ ಖಚಿತವಾಗಿ, ಅವರಿಗೆ ಹಾರ ಹಾಕುತ್ತಿದ್ದರು. ನನ್ನ ಸೀರೆಯ ರಕ್ತ ನೋಡಿ ವೆಂಕಟಮ್ಮನವರು ಏನಾಯಿತೆಂದು ಕೇಳಿದರು. ಹೇಳಿದೆ. ‘ಮಗು ಉಳೀತಾ?’ ಎಂದರು. ‘ಉಳೀತು’ ಎಂದೆ.

ಅಧ್ಯಕ್ಷ ಸ್ಥಾನ ಕೈತಪ್ಪಿದ ಸಂಕಟ ನನಗಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಗಾಜನ್ನು ನಾನೇ ಒಡೆದಿದ್ದೇನೆ, ನರೇಶನ ಪಾತ್ರವಿಲ್ಲ. ಕಾರು ಮುನಿರಾಜುರವರದಲ್ಲ, ಕಾರಿನವರು ದೂರು ಕೊಟ್ಟಿಲ್ಲ. ಗಂಡ ದೂರು ಕೊಟ್ಟದ್ದು ತನಗೆ ಗೊತ್ತಿರಲಿಲ್ಲವೆಂದು ತಿಳಿಸಿ ವೆಂಕಟಮ್ಮನವರು ಈ ದಿನ ನನ್ನ ಜೊತೆಯಲ್ಲೇ ಠಾಣೆಗೆ ಬಂದಿದ್ದಾರೆ. ನನ್ನ ನಂತರ ತಾನೂ ಹೇಳಿಕೆ ಬರೆಸುವುದಾಗಿ ಹೇಳಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ.

ನಾನು ಹೇಳಿದಂತೆಯೇ ಬರೆದುಕೊಂಡು ಓದಿ ಹೇಳಿದ್ದಾರೆ. ಇದರಲ್ಲಿ ಕೂಡಿಸಿದ್ದು, ಮುಚ್ಚಿಟ್ಟದ್ದು ಯಾವುದೂ ಇಲ್ಲ.

ಸ್ಥಳ: ಮಾದನಾಯಕನಹಳ್ಳಿ
ದಿನಾಂಕ: 19-03-2025
ಸಹಿ: ವೇಣಿ