ಬಾಗಲೊಲ್ಲದ ತಂತಿ

ವೇದಿಕೆಯಲ್ಲಿರುವ ಅಧ್ಯಕ್ಷರೇ, ಅತಿಥಿಗಳೇ, ಊಟದ ವಾಸನೆ ಬಂದರೂ ಕದಲದೆ ಕೂತಿರುವ ಸಹನಶೀಲ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ಪ್ರಯೋಗಾಲಯದ ಮುಖ್ಯಸ್ಥೆ ನಿಮಗೆಲ್ಲ ಮೇಡಂ. ನನಗೆ ಒಡಹುಟ್ಟಿದ ಅಕ್ಕ. ಅವಳು ಅಳೆಯುವವಳು, ನಾನು ಗಣಿತದವಳು. ಒಬ್ಬರನ್ನೊಬ್ಬರು ನಂಬದಿರುವುದೇ ನಮ್ಮ ವೃತ್ತಿಧರ್ಮ.

ಒಂದೇ ಒಂದು ಘಟನೆ ಹೇಳುತ್ತೇನೆ. ಕೂದಲಿಗಿಂತ ಸಾವಿರ ಪಾಲು ತೆಳುವಾದ ಬೆಳ್ಳಿಯ ತಂತಿಯನ್ನು ಕಣ್ಣಿಗೆ ಕಾಣದ ಗುಂಡಿಯೊಂದರ ಮೇಲೆ ಸೇತುವೆಯಂತೆ ಮಲಗಿಸಿ, ಸೂಜಿಮೊನೆಯಿಂದ ಒತ್ತಿ, ಎಷ್ಟು ಬಾಗುತ್ತದೆಂದು ಅಕ್ಕ ಅಳೆಯುತ್ತಿದ್ದಳು. ದೊಡ್ಡ ಸೇತುವೆಗಳಿಗೆ ಸರಿಹೋಗುವ ನನ್ನ ಸಮೀಕರಣ ಹೇಳಿದಷ್ಟು ಅದು ಬಾಗಲೇ ಇಲ್ಲ. ತೆಳುವಾದಷ್ಟೂ ಅದರ ಹಟ ಹೆಚ್ಚು. ಉಪಕರಣ ಕೆಟ್ಟಿದೆ, ಕೆಲಸ ನಿಲ್ಲಿಸಿ ಎಂದರು ಮೇಲಿನವರು.

ಅಕ್ಕ ನನ್ನ ಕೋಣೆಗೆ ಬಂದಳು. ಕೂರಲಿಲ್ಲ.

“ನೀನೂ ಹಾಗೇ ಅಂತೀಯಾ?”

“ನಾನಲ್ಲ ಅಕ್ಕ, ಸಮೀಕರಣ ಹಾಗನ್ನುತ್ತೆ.”

“ಸರಿ, ಅದನ್ನೂ ಕರ್ಕೊಂಡು ಬಾ. ತೋರಿಸ್ತೀನಿ.”

ಹೋದೆ. ಮೊದಲು ದಪ್ಪ ತಂತಿಯನ್ನು ಒತ್ತಿದಳು; ನನ್ನ ಲೆಕ್ಕದಂತೆಯೇ ಬಾಗಿತು. ಆಮೇಲೆ ತೆಳು ತಂತಿ. ತುಸುವೇ ತಗ್ಗಿ, ಬಿಟ್ಟೊಡನೆ ನೆಟ್ಟಗಾಯಿತು. ಅದೇ ಸೂಜಿ, ಅದೇ ಕೈ. ಹಾಗಾದರೆ ಕೆಟ್ಟಿರುವುದು ಯಾವುದು?

ದಪ್ಪ ವಸ್ತುವಿನೊಳಗೆ ಬಹುಪಾಲು ಪರಮಾಣುಗಳಿಗೆ ಸುತ್ತಲೂ ನೆರೆಯವರಿರುತ್ತಾರೆ. ಮೇಲ್ಮೈಯಲ್ಲಿರುವವಕ್ಕೆ ಹೊರಗಡೆ ಯಾರೂ ಇಲ್ಲ. ಉಳಿದವರನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ತಂತಿ ತೆಳುವಾದಷ್ಟೂ ಅಂಥವುಗಳ ಪಾಲು ಹೆಚ್ಚು. ನನ್ನ ಸಮೀಕರಣ ಅವುಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಮ್ಮ ತೀರಿಕೊಂಡ ವರ್ಷ ನಾವಿಬ್ಬರೂ ಹಾಗೇ… ಇರಲಿ, ಅದು ಇಲ್ಲಿಗೆ ಬೇಡ.

ಸಮೀಕರಣದಲ್ಲಿ ಮೇಲ್ಮೈಗೂ ಒಂದು ಜಾಗ ಕೊಟ್ಟೆ. ವಾರಗಟ್ಟಲೆ ತಿಣುಕಿದ ಮೇಲೆ, ಒಂದು ಮಧ್ಯಾಹ್ನ, ಪರದೆಯ ನಕ್ಷೆಯಲ್ಲಿ ನನ್ನ ಸಮೀಕರಣದ ಗೆರೆ ಅಕ್ಕನ ಅಳತೆಯ ಚುಕ್ಕಿಗಳ ಮೇಲೆಯೇ ಹಾದುಹೋಯಿತು. ದಪ್ಪ ತಂತಿಯ ಮೇಲೂ, ತೆಳುವಿನ ಮೇಲೂ. ಅಕ್ಕನನ್ನು ಕೂಗಿ ಕರೆದೆ. ಆ ಪರಮಾಣುಗಳು ನನ್ನ ಸಮೀಕರಣವನ್ನು ಓದಿಲ್ಲ; ಆದರೂ ಅದರಂತೆ ನಡೆಯುತ್ತವಲ್ಲ, ಹೇಗೆ?

ಕೆಲಸ ನಿಲ್ಲಲಿಲ್ಲ. ಇಲ್ಲಿ ಕೂತಿರುವ ಅರ್ಧದಷ್ಟು ಜನ ಅಕ್ಕನ ಆ ಪ್ರಯೋಗದ ಮೇಜಿನ ಮುಂದೆಯೇ ಕಲಿತವರು. ಆ ಮಧ್ಯಾಹ್ನ ಅಕ್ಕ ಗೆದ್ದೆ ಎನ್ನಲಿಲ್ಲ. ಮೆಲ್ಲಗೆ ಕೇಳಿದಳು:

“ನಾವು ನೋಡದೇ ಇದ್ದಾಗಲೂ ಆ ಪರಮಾಣುಗಳು ಹೀಗೇ ಕೈಕೈ ಹಿಡ್ಕೊಂಡಿದ್ವು, ಅಲ್ವೇನೇ?”

ಅಂದು ನಾನು ಪರದೆಯ ಮೇಲಿನ ಗೆರೆಯತ್ತ ಬೆರಳು ತೋರಿಸಿದೆ, ಅಷ್ಟೇ. ಇವತ್ತು ಹೇಳುತ್ತೇನೆ: ಹೌದು ಅಕ್ಕ, ಹಿಡಿದುಕೊಂಡಿದ್ದವು.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆ ಋಣಿ. ಎಲ್ಲರಿಗೂ ನಮಸ್ಕಾರ.