ಕುಡಿಯದವಳ ಲಿವರ್

ದಿಂಬಂ ಘಟ್ಟದ ಮೇಲಿನ ಟೀ ಅಂಗಡಿಯ ಮುಂದೆ ಬಸ್ಸು ನಿಂತಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಪುಟ್ಟಬಸಪ್ಪ, ಚನ್ನಮಲ್ಲಮ್ಮ ದಂಪತಿ. ಘಟ್ಟದ ಕೆಳಗಿನ ತಮಿಳುನಾಡಿನ ಆಸ್ಪತ್ರೆಯಿಂದ ಊರಿಗೆ ಹೊರಟವರು. ಪುಟ್ಟಬಸಪ್ಪನೇ ಮಾತು ತೆಗೆದ.

“ಕುಡಿದು ಲಿವರ್ ಕೆಟ್ಟೋರ ಮೇಲೆ ಸಂಶೋಧನೆ, ಓಲ್ಸಿ ನೋಡೋಕೆ ಕುಡೀದೋರು ಒಬ್ರು ಬೇಕು ಅಂದ್ರು. ಅದ್ಕೇ ನಿನ್ನ ಕರ್ಕಂಡೋದೆ. ನೋಡುದ್ರೆ ನಿಂದೇ ನಂದ್ಕಿಂತ ಕೆಟ್ಟದಂತೆ!”

“ಇಪ್ಪತ್ತು ವರ್ಷ ಕುಡಿದೋರು ನೀವು, ಮಾನ ಓಗಿದ್ದು ನಂದು. ಡಾಕ್ಟ್ರು ತಮಿಳಲ್ಲಿ ‘ನೀಂಗಳುಮಾ ಅಮ್ಮಾ?’, ನೀವೂನಾ ಅಂದ್ರಲ್ಲ, ನಾನೂ ಎಂಡ ಕುಡಿಯೋಳು ಅನ್ನಂಗೆ!”

“ಊರಲ್ಲಿ ಯಾರ್ಗೂ ಏಳ್ಬ್ಯಾಡ ಕಣಮ್ಮಿ. ಗಂಡ ಎಂಡ್ತಿ ಜೊತೇಲಿ ಕೂತು ಕುಡೀತಾರೆ ಅಂದಾರು.”

“ನಾನು ಕುಡಿದದ್ದು ಸಂತೇಲಿ ನಿಮ್ ಲಿವರ್‌ಗೆ ಅಂತ ತಂದ ನಾಟಿ ಕಷಾಯ. ನೀವು ಕಹಿ ಅಂತ ಮಖ ತಿರುವ್ತಿದ್ರಿ. ದಿನಾ ಮೊದ್ಲು ಒಂದು ಲೋಟ ನಾನೇ ಕುಡಿದು ತೋರುಸ್ತಿದ್ದೆ. ಅದ್ರಿಂದ್ಲೇ ಅಂತೆ. ನಿಲ್ಲುಸ್ನಿಲ್ಲ ಅಂದ್ರೆ ಒಟ್ಟೇಲಿ ನೀರು ತುಂಬ್ಕತದೆ ಅಂದ್ರು.”

ಪುಟ್ಟಬಸಪ್ಪ ಟೀ ಊದತೊಡಗಿದ.

“ಆರು ತಿಂಗ್ಳು ಇಬ್ರೂ ಒಂದೇ ಕಷಾಯ ಕುಡಿದೋ. ನಿಮ್ದ್ಯಾಕೆ ನನ್ನಷ್ಟು ಕೆಡ್ನಿಲ್ಲ?”

“ನನ್ ಲೋಟದ್ದು... ಇತ್ಲಲ್ಲಿ ಕರಿಬೇವಿನ ಬುಡಕ್ಕೆ ಉಯ್ತಿದ್ದೆ ಕಣಮ್ಮಿ.”

“ಅಯ್ಯೋ! ಗಿಡ ಒಣಗೋದಾಗ ಪಕ್ಕದ್ಮನೆ ಮಾದೇವಮ್ಮನ ಮೇಕೆ ತೊಗಟೆ ತಿಂತು ಅಂತ ಬೀದಿಗೆಲ್ಲ ಕೇಳಂಗೆ ಬೈದೆನಲ್ಲ!”

“ಓಗ್ಲಿ ಬುಡು ಈಗ.”

“ಎಂಗೆ ಬುಡ್ಲಿ? ನಾಳೆ ಓಗಿ ತಪ್ಪಾಯ್ತು ಅಂತೀನಿ. ಯಾಕಕ್ಕಾ ಅಂತ ಅವಳು ಕೇಳೇ ಕೇಳ್ತಾಳೆ. ಅದೇ ಬೀದೀಲಿ ನಿಂತು ಎಲ್ಲಾನೂ ಏಳ್ತೀನಿ.”

ಡ್ರೈವರ್ ಹಾರ್ನ್ ಹೊಡೆದ. ಚನ್ನಮಲ್ಲಮ್ಮ ಮುಂದಾಗಿ ಬಸ್ಸು ಹತ್ತಿದಳು. ಎರಡೂ ಚೀಲ ಹೊತ್ತ ಪುಟ್ಟಬಸಪ್ಪ ಹಿಂದಿನ ಬಾಗಿಲಿಂದ ಹತ್ತಿದ.