ರೆಕ್ಕೆಯ ಮೇಲೆ ಬರೆದದ್ದು ನಾನು

ಅನಂತರಾಜು ಬಿನ್ ಚಿಕ್ಕಮಾರಯ್ಯ, ವಯಸ್ಸು 22 ವರ್ಷ, ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟಿರುತ್ತೇನೆ, ಸದ್ಯಕ್ಕೆ ನೀರಿನ ಕ್ಯಾನ್ ಹಾಕುವ ಕೆಲಸ, ಇದಕ್ಕೆ ಮೊದಲು ನಾಲ್ಕು ಕೆಲಸ ಬಿಟ್ಟಿರುತ್ತೇನೆ, ವಾಸ ಯಲಹಂಕ ಹಳೇ ಟೌನ್. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ಮತ್ತು ನಮ್ಮ ಮನೆಯಿಂದ 60 ಮೀಟರ್ ದೂರದ ಜೀಷಾನ್ (24) ಆರು ವರ್ಷದಿಂದ ಪಾರಿವಾಳದ ಪಂದ್ಯದಲ್ಲಿ ಎದುರಾಳಿಗಳು. ಯಾರ ಹಕ್ಕಿ ಹೆಚ್ಚು ಹೊತ್ತು ಹಾರುತ್ತದೋ ಅವರು ಗೆದ್ದಂತೆ. ನಡುವೆ ಹಕ್ಕಿ ಬದಲಾಯಿಸದಂತೆ ಅವನ ಹಕ್ಕಿಯ ರೆಕ್ಕೆಗೆ ನಾನು, ನನ್ನದಕ್ಕೆ ಅವನು ಗುರುತು ಹಾಕಬೇಕು. ಇಳಿದ ಹೊತ್ತನ್ನೂ ಎದುರಾಳಿಯೇ ನೋಡಿ ಹೇಳಬೇಕು. ಅವನ ಮಹಡಿಗೆ ನಾನು ಪಾಕಿಸ್ತಾನ ಎನ್ನುತ್ತಿದ್ದೆನು. ಅವನು ನನ್ನ ಹಕ್ಕಿಗಳನ್ನು "ಚೀನಾ ಮಾಲು ಗುರು, ಬಾಳಿಕೆ ಬರಲ್ಲ" ಎನ್ನುತ್ತಿದ್ದನು. ಗಡಿ ತಣ್ಣಗಿದ್ದಾಗ ಇದನ್ನು ಕೇಳಿ ಬೀದಿಯವರೂ ನಗುತ್ತಿದ್ದರು.

ದಿನಾಂಕ 09-05-2025ರಂದು ಪಾಕಿಸ್ತಾನದ ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ಬೆಳಿಗ್ಗೆ 5.50ಕ್ಕೆ ನಾನು ಅವನ ಹಕ್ಕಿಯ ಬಲರೆಕ್ಕೆಯ ಮೇಲೆ ಸ್ಕೆಚ್ ಪೆನ್ನಿನಿಂದ "ಪಾಕ್ 1" ಎಂದು ಬರೆದೆನು. ಜೀಷಾನ್, "ಬೇಡ ಮಗಾ, ಟೈಮ್ ಸರಿಯಿಲ್ಲ, ಬರೀ ನಂಬರ್ ಹಾಕು" ಎಂದನು. ನಾನು, "ಹೆದರ್ಕೊಂಡ್ಯೇನೋ?" ಎಂದೆನು. 6.00ಕ್ಕೆ ಹಕ್ಕಿ ಬಿಟ್ಟೆವು.

11.40ರ ಸುಮಾರಿಗೆ ಗಿಡುಗ ಅಟ್ಟಿದ್ದರಿಂದ ಅವನ ಹಕ್ಕಿ ವಾಯುನೆಲೆಯ ಕಡೆ ಹೋಗಿ, ಕಾಂಪೌಂಡಿಗೆ 400 ಮೀಟರ್ ಈಚೆ ನಾಗೇಶ್ ಎಂಬುವವರ ಮಹಡಿಯ ಮೇಲೆ ಬಿದ್ದಿತು. ಅವರು ರೆಕ್ಕೆಯ ಬರಹವನ್ನು ವಿಡಿಯೊ ಮಾಡಿ ಏರಿಯಾದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅದು ಜೀಷಾನ್ ಹಕ್ಕಿಯೆಂದು ನಮ್ಮ ಬೀದಿಯವರು ಗ್ರೂಪಿನಲ್ಲಿ ಗುರುತಿಸಿದರು.

12.30ಕ್ಕೆ ಸುಮಾರು 30 ಜನ ಜೀಷಾನ್ ಮಹಡಿ ಹತ್ತಿದರು. ನಾನೂ ಹತ್ತಿದೆನು. ನಾನು ಹೊಡೆಯಲಿಲ್ಲ, ತಡೆಯಲೂ ಇಲ್ಲ. ಬಂದವರು ಗೂಡುಗಳನ್ನು ಒದ್ದು ಮುರಿದರು. ಮರಿಗಳಿದ್ದ ಗೂಡು ರಸ್ತೆಗೆ ಬಿತ್ತು. ನಾಗೇಶ್‌ರವರು ಅವನ ಕಾಲರ್ ಹಿಡಿದು, "ಯಾರಿಗೆ ಸುದ್ದಿ ಕಳಿಸ್ತಿದ್ಯೋ? ಇದನ್ನ ಬರ್ದಿದ್ಯಾರೋ?" ಎಂದು ಕೇಳಿದರು. ನಾನು ಹತ್ತು ಅಡಿ ದೂರದಲ್ಲಿದ್ದೆನು. ಜೀಷಾನ್ ನನ್ನನ್ನು ಒಂದು ಸಲ ನೋಡಿ, "ಆಟಕ್ಕೆ ಬರ್ದಿದ್ದು ಅಣ್ಣ" ಎಂದಷ್ಟೇ ಹೇಳಿದನು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. 1.05ಕ್ಕೆ ಪೊಲೀಸರು ಬಂದು ಅವನನ್ನು ಕರೆದೊಯ್ದರು. ನನ್ನ ಹಕ್ಕಿ ಇನ್ನೂ ಹಾರುತ್ತಿತ್ತು, ಆದರೆ ಆಮೇಲೆ ನಾನು ನಮ್ಮ ಮಹಡಿಗೆ ಹೋಗಲೇ ಇಲ್ಲ.

ಸಂಜೆ 5.00ಕ್ಕೆ ಅವನ ತಾಯಿ ಜಾಹಿದಾರವರು ನಮ್ಮ ಬಾಗಿಲಿಗೆ ಬಂದರು. ಬೈಯಲು ಬಂದರೆಂದು ತಿಳಿದೆನು. ಅವರು, "ನಿಂದು ಹಕ್ಕಿ ನಾಲ್ಕು ಹತ್ತಕ್ಕೆ ಇಳೀತು. ಜೀಪ್ ಹತ್ತೋವಾಗ ಅವ್ನು ಹೇಳ್ದ, ಟೈಮ್ ನೋಡಿ ಹೇಳ್ಬಿಡು ಅಮ್ಮಿ ಅಂತ. ನೀನು ಗೆದ್ದೆ ಬೇಟಾ" ಎಂದು ಹೇಳಿ ಹೊರಟುಹೋದರು.

ನನ್ನ ತಂದೆಯವರು, "ಸುಮ್ನಿರ್ಲಾ, ನಿನ್ನೂ ಒಳಗಾಕ್ತಾರೆ" ಎಂದರು. ಆದರೂ ಬಂದಿರುತ್ತೇನೆ. ಆ ಅಕ್ಷರ ನನ್ನದು. ಜೀಷಾನ್ ಬೇಡವೆಂದಿದ್ದನು. ಅವನನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಮೇಲೂ ಕೇಸಾಗಬಹುದೆಂದು ತಿಳಿಸಿದ ಎಎಸ್‌ಐರವರು, ತಮಾಷೆಗೆ ಬರೆದದ್ದೆಂದು ಸೇರಿಸಲೇ ಎಂದು ಕೇಳಿದರು. ಬರೆದದ್ದು ತಮಾಷೆಗೇ, ಆದರೆ ಮಹಡಿಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆನೆಂಬುದನ್ನೂ ಬರೆದುಕೊಳ್ಳಿ ಎಂದು ಹೇಳಿದೆನು.

ಇಲ್ಲಿಯವರೆಗೆ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದ್ದು ನಿಜವಿರುತ್ತದೆ.

ಸ್ಥಳ: ಯಲಹಂಕ
ದಿನಾಂಕ: 10-05-2025, ಬೆಳಿಗ್ಗೆ 9.15
ಸಹಿ: ಅನಂತರಾಜು ಸಿ.